ನಾನು ಆರಿಸಿದ್ದಕ್ಕಿಂತ ಒಳ್ಳೆಯ ಕಲ್ಲು

ಎಲ್ಲರೂ ಕ್ಲಚ್ ಮೇಡಂ ಎಂದು ಕರೆಯುವ ನಾನು, ವಯಸ್ಸು ಐವತ್ತೆರಡು, ಉದ್ಯೋಗ ಕಾರು ಓಡಿಸಲು ಕಲಿಸುವುದು, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೇ ಡ್ರೈವಿಂಗ್ ಶಾಲೆಯ ಮೇಲಿನ ಮನೆ, ಈ ದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ, ಒಡವೆಗೆ ಕಲ್ಲು ಕೂರಿಸುವವರ ಮೇಲೆ ಬಂದಿರುವ ಕಳ್ಳತನದ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಇಪ್ಪತ್ತೈದು ವರ್ಷಗಳಿಂದ ಜನರಿಗೆ ಕಾರು ಕಲಿಸುತ್ತಿದ್ದೇನೆ. ಈ ಠಾಣೆಯ ಜೀಪು ಓಡಿಸುವವರೂ ನನ್ನ ಬಳಿಯೇ ಕಲಿತವರು, ಬೇಕಾದರೆ ಕೇಳಬಹುದು. ಅವರು ಈಗಲೂ ತಿರುವಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರುತ್ತಾರೆ, ಅದು ಬೇರೆ ಮಾತು. ಶಾಲೆಗೆ ಇಪ್ಪತ್ತೈದು ತುಂಬಿದ ನೆನಪಿಗೆ ನನಗೆ ನಾನೇ ಒಂದು ವಜ್ರದ ಉಂಗುರ ಕೊಂಡುಕೊಳ್ಳಬೇಕೆಂದು ತೀರ್ಮಾನಿಸಿದೆ. ಕಲಿಯುವವರ ಕೈಯ ಮೇಲೆ ಕೈಯಿಟ್ಟು ಗೇರ್ ಹಾಕಿಸುವ ಕೈಗೆ. ಪಾಠಕ್ಕೆ ಬಂದವರು ಆ ಕೈಯನ್ನು ನೋಡದೆ ಬೇರೆ ದಾರಿಯಿಲ್ಲ. ಯಾರಾದರೂ ತಂದುಕೊಡಲಿ ಎಂದು ಕಾದು ಕೂರುವ ಪೈಕಿ ನಾನಲ್ಲ.

ಕಳೆದ ವಾರದ ಸೋಮವಾರ ಮಧ್ಯಾಹ್ನ ನನ್ನ ಅಕ್ಕನನ್ನು ಕರೆದುಕೊಂಡು ಮಾರುಕಟ್ಟೆ ರಸ್ತೆಯ ಒಡವೆ ಅಂಗಡಿಗೆ ಹೋದೆ. ಅಕ್ಕನನ್ನು ಕರೆದದ್ದು ಸಲಹೆಗಲ್ಲ. ಕರೆಯದಿದ್ದರೆ ವರ್ಷವಿಡೀ ಅವಳಿಂದ ಮಾತು ಕೇಳಬೇಕಾಗುತ್ತಿತ್ತು. ಅಂಗಡಿಯ ಯಜಮಾನರು ಕೌಂಟರಿನ ಮೇಲೆ ಮಡಿಸಿದ ಬಿಳಿ ಕಾಗದ ಹಾಸಿ ಮೂರು ಕಲ್ಲು ಇಟ್ಟರು. ವಜ್ರ ಕೊಳ್ಳುವವರು ತೂಕ, ಬಣ್ಣ, ಒಳಗಿನ ಶುಭ್ರತೆ ಮತ್ತು ಕಟ್, ಎಂದರೆ ಕಲ್ಲನ್ನು ಪಟ್ಟೆಪಟ್ಟೆಯಾಗಿ ಕೊರೆದ ರೀತಿ, ಈ ನಾಲ್ಕನ್ನು ನೋಡಬೇಕು ಎಂದು ತಿಳಿಸಿದರು. ತೂಕವನ್ನು ಕ್ಯಾರೆಟ್ಟಿನಲ್ಲಿ ಹೇಳುತ್ತಾರೆ, ಬಣ್ಣ ಇಲ್ಲದಷ್ಟೂ ಬೆಲೆ ಹೆಚ್ಚು, ಒಳಗೆ ಹುಟ್ಟಿನಿಂದ ಬಂದ ಗೆರೆ, ಚುಕ್ಕೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಈ ಮೂರನ್ನು ಕೊಡುವುದು ಭೂಮಿ, ಕಟ್ ಒಂದನ್ನು ಮಾತ್ರ ಕೊಡುವುದು ಮನುಷ್ಯನ ಕೈ. ಒಳಗೆ ಹೊಕ್ಕ ಬೆಳಕು ತಿರುಗಿ ಕಣ್ಣಿಗೆ ಬರುತ್ತದೋ ಕೆಳಗೆ ಸೋರಿ ಹೋಗುತ್ತದೋ ಎಂಬುದು ಆ ಕೈಯನ್ನು ಅವಲಂಬಿಸಿದೆ ಎಂದರು. ಅದನ್ನು ಕೇಳಿದ ಕೂಡಲೇ ನಾನು ಕಟ್ ಮೊದಲು, ಉಳಿದದ್ದು ಆಮೇಲೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮೊದಲನೆಯ ಕಲ್ಲು ದೊಡ್ಡದು. ಅಕ್ಕ ಅದರಿಂದ ಕಣ್ಣು ತೆಗೆಯಲಿಲ್ಲ. ಕಿಟಕಿಯ ಹತ್ತಿರ ಹಿಡಿದು ನೋಡಿದಾಗ ಅದರ ನಡುಭಾಗ ತೊಳೆಯದ ಹೆಡ್‌ಲೈಟಿನ ಹಾಗೆ ಮಂಕಾಗಿತ್ತು. ಎರಡನೆಯದು ಒಳಗೆಲ್ಲ ಸ್ವಚ್ಛ, ಆದರೆ ಕಾಗದದ ಮೇಲೆ ಬೋರಲಾಗಿಟ್ಟು ಪಕ್ಕದಿಂದ ನೋಡಿದರೆ ತೆಳು ಹಳದಿ ಕಾಣುತ್ತಿತ್ತು. ಮೂರನೆಯದು ಮೂರರಲ್ಲಿ ಚಿಕ್ಕದು. ಅಂಚಿನಿಂದ ಅಂಚಿನವರೆಗೆ ಮಿನುಗುತ್ತಿತ್ತು, ಕಿಟಕಿಯ ಬಳಿಯೂ, ಟ್ಯೂಬ್‌ಲೈಟಿನ ಕೆಳಗೂ, ಅಂಗಡಿಯ ಮೆಟ್ಟಿಲ ಮೇಲೂ. ಯಜಮಾನರು ಕಣ್ಣಿಗೆ ಒತ್ತಿ ಹಿಡಿಯುವ ಪುಟ್ಟ ಭೂತಗನ್ನಡಿ ಕೊಟ್ಟು, ಮುಚ್ಚುಮರೆ ಬೇಡ, ಇದರ ಒಳಗೆ ಏನಿದೆ ಎಂದು ನೀವೇ ನೋಡಿಕೊಳ್ಳಿ ಎಂದರು. ಅಂಚಿನಲ್ಲಿ ಕಲ್ಲನ್ನು ಪರೀಕ್ಷಿಸಿದ ಪ್ರಯೋಗಾಲಯದವರು ಕೆತ್ತಿದ ಸಣ್ಣ ಸಂಖ್ಯೆ, ಇನ್ನೊಂದು ಕಡೆ ಒಂದು ಬಿಳಿ ಗೆರೆ, ಅದರಿಂದ ಸ್ವಲ್ಪ ಒಳಕ್ಕೆ ಎರಡು ಕಪ್ಪು ಚುಕ್ಕೆ, ಒಂದು ದೊಡ್ಡದು, ಒಂದು ಚಿಕ್ಕದು. ಕಣ್ಣಲ್ಲಿ ನೀರು ಬರುವವರೆಗೆ ನೋಡಿದೆ. ನನಗೆ ಕಲಿಯಲು ಬಂದ ಒಬ್ಬೊಬ್ಬರ ಮುಖವೂ ನೆನಪಿರುತ್ತದೆ, ಆ ಕಲ್ಲಿನ ಮುಖವೂ ಹಾಗೆಯೇ ನೆನಪಿನಲ್ಲಿ ಕುಳಿತಿತು. ಬರಿಗಣ್ಣಿಗೆ ಇದು ಯಾವುದೂ ಕಾಣುವುದಿಲ್ಲ ಎಂದು ಯಜಮಾನರು ಹೇಳಿದರು, ಅದು ನಿಜ.

ನಾನು ಮೂರನೆಯದನ್ನೇ ಆರಿಸಿದೆ. ಕೌಂಟರಿನಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಮ್ಮ ವ್ಯವಹಾರ ಬಿಟ್ಟು ನಾನು ನೋಡುವ ರೀತಿಯನ್ನು ನೋಡುತ್ತಿದ್ದರು, ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಅಕ್ಕ ಮಾತ್ರ, ದುಡ್ಡು ಕೊಟ್ಟು ಬಿರುಕು ಕೊಳ್ಳುವವಳನ್ನು ಇವತ್ತೇ ನೋಡಿದ್ದು ಎಂದಳು. ಆ ಮಾತು ನನಗೆ ನಾಟಿತು. ಕಲ್ಲನ್ನು ಉಂಗುರದ ನಾಲ್ಕು ಚಿನ್ನದ ಹಲ್ಲುಗಳು ಕಚ್ಚಿ ಹಿಡಿಯುತ್ತವೆ, ಆ ಗೆರೆ ಒಂದು ಹಲ್ಲಿನ ಅಡಿಗೆ ಬರುವಂತೆ ಕೂರಿಸಲು ಹೇಳುತ್ತೇನೆ, ಆಗ ಭೂತಗನ್ನಡಿಗೂ ಕಾಣುವುದಿಲ್ಲ ಎಂದು ಯಜಮಾನರು ಹೇಳಿದರು. ನಾನು ಹೂಂ ಎಂದೆ. ಹಲ್ಲಿನಡಿ ಹಾಕೋಣ ಎಂದದ್ದು ಯಜಮಾನರು, ಒಪ್ಪಿದ್ದು ನಾನು. ಕಲ್ಲು ಕೂರಿಸುವವರನ್ನು ನಾವಿಬ್ಬರೂ ಕೇಳಲಿಲ್ಲ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಇದನ್ನು ಬಿಡದೆ ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ಶನಿವಾರ ಸಂಜೆ ಉಂಗುರ ಕೈಗೆ ಬಂತು. ಮಾರನೆಯ ದಿನ ಭಾನುವಾರ, ಪಾಠವಿಲ್ಲ. ನಾನೂ ಅಂಥದ್ದೇ ಒಂದು ಭೂತಗನ್ನಡಿ ಕೊಂಡಿದ್ದೆ. ಬೆಳಗಿನ ಕಾಫಿಯಾದ ಮೇಲೆ ಕಿಟಕಿಯ ಬಳಿ ಕುಳಿತು ನನ್ನ ಕಲ್ಲನ್ನು ನೋಡಿಕೊಳ್ಳೋಣವೆಂದು ಹಿಡಿದೆ. ಗೆರೆ ಕಾಣಲಿಲ್ಲ, ಅದು ಹಲ್ಲಿನ ಅಡಿ ಇರಬೇಕು ಎಂದುಕೊಂಡೆ. ಆದರೆ ಚುಕ್ಕೆಗಳೂ ಇರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದೆ, ಒಳಗೆ ಏನೆಂದರೆ ಏನೂ ಇಲ್ಲ. ಅಂಚಿನಲ್ಲಿ ಪ್ರಯೋಗಾಲಯದವರು ಕೆತ್ತಿದ್ದ ಸಣ್ಣ ಸಂಖ್ಯೆಯೂ ಇಲ್ಲ. ಅದು ನಾನು ಆರಿಸಿದ್ದಕ್ಕಿಂತ ಒಳ್ಳೆಯ ಕಲ್ಲು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಕೆಟ್ಟದ್ದು ಬಂದಿದ್ದರೆ ಜಗಳ ಆಡಬಹುದಿತ್ತು, ಒಳ್ಳೆಯದು ಬಂದದ್ದಕ್ಕೆ ಯಾರಾದರೂ ತಕರಾರು ತೆಗೆಯುತ್ತಾರೆಯೇ, ಬಾಯಿ ಮುಚ್ಚಿಕೊಂಡು ಹಾಕಿಕೋ ಎಂದಳು. ನನಗೆ ಆಗಲಿಲ್ಲ. ಅಷ್ಟು ಹೊತ್ತು ನಿಂತು, ಅಷ್ಟು ನೋಡಿ, ನಾನೇ ಆರಿಸಿದ ಕಲ್ಲು ಅದು. ಬೇರೆ ಯಾರದೋ ಕಲ್ಲನ್ನು ಮೆರೆಸಲು ನಾನು ಉಂಗುರ ಮಾಡಿಸಿರಲಿಲ್ಲ.

ನಿನ್ನೆ ಸೋಮವಾರ, ಅಂಗಡಿಯ ಬಾಗಿಲು ತೆರೆದ ಕೂಡಲೇ ಹೋಗಿ ವಿಷಯ ತಿಳಿಸಿದೆ. ಯಜಮಾನರು ಮೊದಲು ನಕ್ಕರು. ಆಮೇಲೆ ತಾವೇ ಭೂತಗನ್ನಡಿ ಹಿಡಿದು ನೋಡಿದರು, ವಜ್ರ ಪರೀಕ್ಷಿಸುವ ಯಂತ್ರದಲ್ಲಿಟ್ಟು ನೋಡಿದರು, ನಗು ನಿಂತಿತು. ಕಲ್ಲು ಅಪ್ಪಟ ವಜ್ರ, ಬಣ್ಣದಲ್ಲೂ ಶುಭ್ರತೆಯಲ್ಲೂ ನನ್ನದಕ್ಕಿಂತ ಮೇಲು, ಆದರೆ ತಮ್ಮ ಅಂಗಡಿಯದ್ದಲ್ಲ ಎಂದರು. ಕಲ್ಲು ಕೂರಿಸುವವರನ್ನು ಕರೆಸಿದರು. ಅವರು ಅಂಗಡಿಯ ಹಿಂದಿನ ಓಣಿಯಲ್ಲೇ ಕೆಲಸ ಮಾಡುವವರು, ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಬಂದು ನಿಂತರು. ಯಾರೂ ಕೇಳುವ ಮೊದಲೇ, ಕಲ್ಲು ಬದಲಾಯಿಸಿದ್ದು ತಾವೇ ಎಂದು ಹೇಳಿದರು. ಎಲ್ಲಿಂದ ತಂದಿರಿ, ಮೊದಲಿನದು ಎಲ್ಲಿ ಎಂದಾಗ, ಕದ್ದದ್ದಲ್ಲ ಎಂದು ಹೇಳಿ ಸುಮ್ಮನಾದರು. ಎಷ್ಟು ಕೇಳಿದರೂ ಅಷ್ಟೇ.

ಅದೇ ವೇಳೆ ಅವರ ಬಳಿ ಅಂಗಡಿಯ ಬೇರೆ ಗಿರಾಕಿಗಳ ಉಂಗುರಗಳೂ ಇದ್ದವು. ಯಾರದೋ ಒಳ್ಳೆಯ ಕಲ್ಲು ಇಲ್ಲಿಗೆ, ಇಲ್ಲಿಯದು ಇನ್ನೆಲ್ಲಿಗೋ ಎಂದು ಯಜಮಾನರಿಗೆ ಅನುಮಾನ ಬಂದು ಠಾಣೆಗೆ ಫೋನ್ ಮಾಡಿದರು. ಅವರೂ ಕಲ್ಲು ಕೂರಿಸುವವರೂ ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿದವರು, ಸಂತೋಷದಿಂದ ಮಾಡಿದ ಫೋನಲ್ಲ ಅದು. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಬಂದು ವಿಚಾರಿಸಿ, ಎಲ್ಲರೂ ಮರುದಿನ ಠಾಣೆಗೆ ಬರಬೇಕೆಂದರು. ಉಂಗುರವನ್ನು ಅಂಗಡಿಯಲ್ಲೇ ಬಿಟ್ಟು ಹೋಗಲು ನನಗೆ ಹೇಳಿದರು. ಬಿಲ್ಲು ನನ್ನ ಹೆಸರಿನಲ್ಲಿದೆ, ಉಂಗುರ ನನ್ನ ಬೆರಳಿನಲ್ಲಿದೆ, ನಾಳೆ ಬೆರಳಿನ ಸಮೇತ ತರುತ್ತೇನೆ ಎಂದು ಹೇಳಿ ಮುಷ್ಟಿ ಹಿಡಿದುಕೊಂಡೆ. ಸಾಹೇಬರು ಒಪ್ಪಿದರು.

ಕಲ್ಲು ಕೂರಿಸುವವರ ಮೌನ ನನ್ನನ್ನು ಬಿಡಲಿಲ್ಲ. ಕದ್ದವರು ಬೇಕಾದಷ್ಟು ಮಾತಾಡುತ್ತಾರೆ. ಇವರ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುವವರು ಬೇರೆ, ಅವರನ್ನು ನನ್ನ ಕೆಲಸದಲ್ಲಿ ಕಂಡಿದ್ದೇನೆ. ವರ್ಷಗಟ್ಟಲೆ ಒಂದು ಗೀರೂ ಇಲ್ಲದೆ ಗಾಡಿ ಓಡಿಸಿದವರು ಒಂದು ದಿನ ಎಲ್ಲೋ ತಾಗಿಸಿಕೊಂಡರೆ ಮನೆಯವರಿಗೂ ಹೇಳುವುದಿಲ್ಲ. ಸದ್ದಿಲ್ಲದೆ ಬಾಗಿಲನ್ನೇ ಹೊಸದು ಹಾಕಿಸಿಕೊಂಡು ಬರುತ್ತಾರೆ. ಕೊನೆಯ ಪಾಠ ಮುಗಿಸಿ ಸಂಜೆ ಆರು ಗಂಟೆಗೆ ಅವರ ಕೆಲಸದ ಜಾಗಕ್ಕೆ ಹೋದೆ.

ಅದು ಪುಸ್ತಕ ಹೊಲಿಯುವವರ ಅಂಗಡಿಯ ಮೇಲಿನ ಒಂದೇ ಕೋಣೆ. ಕಿಟಕಿಯ ಕೆಳಗೆ ಅರ್ಧಚಂದ್ರದಂತೆ ಕೊರೆದ ಮೇಜು, ಚಿನ್ನದ ಪುಡಿ ನೆಲಕ್ಕೆ ಬೀಳದಿರಲೆಂದು ಅದರ ಅಡಿಗೆ ಕಟ್ಟಿದ ಚರ್ಮದ ಜೋಳಿಗೆ, ಗೋಡೆಗೆ ಸಾಲಾಗಿ ಸಿಕ್ಕಿಸಿದ ಇಕ್ಕಳ, ಅರ, ಉಳಿ. ಯಾವುದರ ಹಿಡಿಯೂ ಜಿಡ್ಡಾಗಿರಲಿಲ್ಲ. ಅವರ ಹೆಂಡತಿ ಮೂಲೆಯಲ್ಲಿ ಕುಳಿತು ಒಡವೆಗೆ ಬ್ರಷ್ ಹಾಕುತ್ತಿದ್ದರು. ಕಲ್ಲು ಕೂರಿಸುವವರು ಕೈ ಕಟ್ಟಿಕೊಂಡು ಮೇಜಿನ ಮುಂದೆ ಕುಳಿತಿದ್ದರು. ಏನಾಯಿತು ಎಂದು ನಾನು ಕೇಳಲಿಲ್ಲ. ಯಾಕೆ ಮಾಡಿದಿರಿ ಎಂದೂ ಕೇಳಲಿಲ್ಲ. ಗಾಡಿ ತಾಗಿಸಿದವರನ್ನು ಕೇಳುವ ಹಾಗೆಯೇ ಕೇಳಿದೆ.

“ಎಲ್ಲಿ ತಾಗ್ತು?”

ಅವರು ನನ್ನ ಮುಖ ನೋಡಿದರು. “ನಾಲ್ಕನೇ ಹಲ್ಲು ಒತ್ತುವಾಗ, ಮೇಡಂ” ಎಂದರು.

ಮೇಜಿನ ಖಾನೆಯಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆದು ಮುಂದಿಟ್ಟರು. ಈಗ ಬಿಚ್ಚಬೇಡಿ, ನಾಳೆ ಠಾಣೆಯಲ್ಲೇ ಬಿಚ್ಚಿ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದರು. ಅಂಥ ಗೆರೆ ಇರುವ ಕಲ್ಲನ್ನು ಕೂರಿಸುವಾಗ ಗೆರೆಯನ್ನು ಎರಡು ಹಲ್ಲುಗಳ ನಡುವೆ ಬರುವಂತೆ ಬಿಡಬೇಕು, ಅದರ ಮೇಲೆ ಭಾರ ಹಾಕಬಾರದು. ಅಂಗಡಿಯಿಂದ ಹಲ್ಲಿನ ಅಡಿಗೇ ಬರಬೇಕೆಂದು ಹೇಳಿ ಕಳಿಸಿದ್ದರು. ಹೋಗಿ ಆಗುವುದಿಲ್ಲ ಎನ್ನಬಹುದಿತ್ತು. ಬೇರೆಯವರ ಕೈಲಿ ಆಗದಿದ್ದರೂ ತಮ್ಮ ಕೈಲಿ ಆಗುತ್ತದೆ ಎಂಬ ಹೆಮ್ಮೆಯಿಂದ ಕುಳಿತರು. ಮೂರು ಹಲ್ಲು ಸರಿಯಾಗಿ ಕುಳಿತವು. ನಾಲ್ಕನೆಯದಕ್ಕೆ ಕಲ್ಲು ಗೆರೆಯ ಗುಂಟ ಸೀಳಿ ಎರಡಾಯಿತು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಮುರಿದ ಮೊದಲ ಕಲ್ಲು ಅದು. ಮುರಿಯಿತು ಎಂದು ಹೇಳಲು ಅಂಗಡಿಯ ಮೆಟ್ಟಿಲವರೆಗೆ ಹೋಗಿ ವಾಪಸು ಬಂದರಂತೆ.

ಹೊಸ ಕಲ್ಲು ಎಲ್ಲಿಂದ ಬಂತು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಮೂಲೆಯಲ್ಲಿದ್ದ ಅವರ ಹೆಂಡತಿಯ ಬೆರಳಿನಲ್ಲಿ ಉಂಗುರವಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಇವರು ಕೆಲಸ ಕಲಿತ ಹೊಸತರಲ್ಲಿ ರಜೆಯ ದಿನಗಳಲ್ಲೂ ದುಡಿದು, ಕೈಗೆ ಬಂದ ಕಲ್ಲುಗಳಲ್ಲೆಲ್ಲ ಒಳ್ಳೆಯದನ್ನು ಹುಡುಕಿ, ದುಡ್ಡು ಕೊಟ್ಟು ಕೊಂಡು ಆಕೆಗೆ ಹಾಕಿಸಿಕೊಟ್ಟಿದ್ದ ಉಂಗುರ. ಪ್ರಯೋಗಾಲಯ, ಸಂಖ್ಯೆ ಯಾವುದೂ ಇಲ್ಲದ ಕಾಲದ್ದು. ನನ್ನ ಕಲ್ಲಿಗಿಂತ ಕೂದಲೆಳೆಯಷ್ಟು ದೊಡ್ಡದಿದ್ದುದರಿಂದ ಹಲ್ಲುಗಳನ್ನು ಅದಕ್ಕೆ ತಕ್ಕಂತೆ ತಿದ್ದಿ ಕೂರಿಸಿದ್ದರು. ನೀವು ಕೊಡಲು ಒಪ್ಪಿದಿರಾ ಎಂದು ಆಕೆಯನ್ನು ಕೇಳಿದೆ. ಬ್ರಷ್ ನಿಲ್ಲಿಸದೆಯೇ ಉತ್ತರ ಹೇಳಿದರು.

“ಇವರು ಕೇಳ್ಲಿಲ್ಲ, ನಾನೇ ಬಿಚ್ಚಿ ಕೊಟ್ಟೆ. ಇವರ ಕೈಗೆ ಕೆಟ್ಟ ಹೆಸರು ಬರೋದಕ್ಕಿಂತ ನನ್ನ ಬೆರಳು ಬರಿದಾಗಿರ್ಲಿ.”

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಇಬ್ಬರೂ ಸೇರಿ ಮನೆಯಲ್ಲಿದ್ದ ಅತ್ಯಂತ ಒಳ್ಳೆಯದನ್ನು ನನ್ನ ಉಂಗುರದಲ್ಲಿ ಕೂರಿಸಿದ್ದಾರೆ, ನಾನು ಅದನ್ನು ಹಿಡಿದುಕೊಂಡು ದೂರು ಹೇಳಲು ಹೋಗಿದ್ದೇನೆ. ಜೊತೆಗೆ ನಿಜವಾಗಿ ಹೇಳಬೇಕೆಂದರೆ ನನಗೆ ಹೆಮ್ಮೆಯೂ ಆಯಿತು, ಇಂಥ ಕೈಯಲ್ಲಿ ನನ್ನ ಉಂಗುರ ತಯಾರಾಗಿದೆ ಎಂದು. ನಾಳೆ ಠಾಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದೆ. ಮುರಿದೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು, ಅದಕ್ಕಿಂತ ಸುಮ್ಮನಿರುವುದೇ ವಾಸಿ ಎಂದರು.

“ಮುರೀತು ಅಂದ್ರೆ ಕೈ ಕೆಡಲ್ಲ. ಕದ್ರು ಅಂದ್ರೆ ಕೆಡುತ್ತೆ” ಎಂದೆ. ಪೊಟ್ಟಣ ಅವರ ಬಳಿಯೇ ಬಿಟ್ಟು ಇಳಿದು ಬಂದೆ.

ಈ ದಿನ ಬೆಳಿಗ್ಗೆ ನಾನು, ಅಂಗಡಿಯ ಯಜಮಾನರು, ಕಲ್ಲು ಕೂರಿಸುವವರು ಮತ್ತು ಅವರ ಹೆಂಡತಿ ಠಾಣೆಗೆ ಬಂದೆವು. ಕಲ್ಲು ಕೂರಿಸುವವರು ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕಲ್ಲು ತಮ್ಮ ಕೈಯಲ್ಲಿ ಮುರಿಯಿತು ಎಂದು ಒಂದೇ ಮಾತಿನಲ್ಲಿ ಹೇಳಿದರು. ವಜ್ರ ಎಲ್ಲಕ್ಕಿಂತ ಗಟ್ಟಿ, ಅದು ಮುರಿಯುವುದೆಂದರೇನು, ಯಾರಿಗೆ ಹೇಳುತ್ತೀರಿ ಕಥೆ ಎಂದು ಸಾಹೇಬರು ಗದರಿದರು. ವಜ್ರಕ್ಕೆ ಗೀರು ಬೀಳುವುದಿಲ್ಲ, ಆದರೆ ಒಳಗಿನ ಗೆರೆಯ ಮೇಲೆ ಭಾರ ಬಿದ್ದರೆ ಸೀಳುತ್ತದೆ, ಗಟ್ಟಿ ಎನ್ನುವುದು ಬೇರೆ ಸೀಳದಿರುವುದು ಬೇರೆ ಎಂದು ನಾನು ತಿಳಿಸಿದೆ. ಯಜಮಾನರು ಹೌದೆಂದು ತಲೆಯಾಡಿಸಿದರು. ಪೊಟ್ಟಣದಲ್ಲಿರುವುದು ನಿಮ್ಮ ಕಲ್ಲೇ ಎನ್ನಲು ಏನು ಗುರುತು ಎಂದು ಸಾಹೇಬರು ನನ್ನನ್ನು ಕೇಳಿದರು. ಅದನ್ನು ಬಿಚ್ಚಬೇಡಿ ಎಂದು ಹೇಳಿ, ಒಂದು ಹಾಳೆಯ ಮೇಲೆ ಗುಂಡಗೆ ವೃತ್ತ ಬರೆದು, ಅಂಚಿನಲ್ಲಿ ಗೆರೆ ಎಳೆದು, ಅದರ ಒಳಮಗ್ಗುಲಿಗೆ ದೊಡ್ಡ ಚುಕ್ಕೆ ಒಂದು, ಚಿಕ್ಕ ಚುಕ್ಕೆ ಒಂದು ಇಟ್ಟು ಕೊಟ್ಟೆ. ಆಮೇಲೆ ಪೊಟ್ಟಣ ಬಿಚ್ಚಿಸಿದರು. ದೊಡ್ಡ ತುಂಡಿನಲ್ಲಿ ಎರಡು ಚುಕ್ಕೆಗಳೂ ನಾನು ಇಟ್ಟ ಜಾಗದಲ್ಲೇ ಇದ್ದವು. ಸಾಹೇಬರು ಭೂತಗನ್ನಡಿಯಿಂದ ಎರಡು ಸಲ ನೋಡಿದರು. ಅಂಚಿನ ಸಂಖ್ಯೆಯೂ ಬಿಲ್ಲಿನಲ್ಲಿರುವುದಕ್ಕೆ ಹೊಂದುತ್ತದೆ ಎಂದು ಯಜಮಾನರು ಹೇಳಿದರು. ಕೂರಿಸುವ ಮೊದಲು ಕಲ್ಲನ್ನು ಇಷ್ಟು ನೋಡಿದ ಗಿರಾಕಿ ತಮ್ಮ ಅಂಗಡಿಗೆ ಬಂದಿಲ್ಲ ಎಂದೂ ಹೇಳಿದರು, ಅದನ್ನೂ ಬರೆದುಕೊಳ್ಳಲಾಗಿದೆ.

ಇನ್ನು ನನ್ನ ಉಂಗುರದಲ್ಲಿದ್ದ ಕಲ್ಲನ್ನು ಬಿಡಿಸಿ ಪರಿಶೀಲಿಸಬೇಕಾಗಿತ್ತು. ಅದಕ್ಕೆ ಬೇರೆ ಯಾರನ್ನಾದರೂ ಕರೆಸುತ್ತೇನೆ, ಇವರ ಕೈ ನಡುಗುತ್ತಿದೆ ಎಂದು ಯಜಮಾನರು ಮೆಲ್ಲಗೆ ಹೇಳಿದರು. ಕೈ ನಡುಗುತ್ತಿದ್ದುದು ನಿಜ. ನಾನು ಒಪ್ಪಲಿಲ್ಲ. ಗಾಡಿ ತಾಗಿಸಿದವರನ್ನು ನಾನು ಅದೇ ದಿನ ಅದೇ ಸೀಟಿನಲ್ಲಿ ಕೂರಿಸಿ ಅದೇ ರಸ್ತೆಯಲ್ಲಿ ಓಡಿಸುತ್ತೇನೆ, ಒಂದು ವಾರ ಬಿಟ್ಟರೆ ಅವರು ಮತ್ತೆ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಹೇಳಿದೆ. ಉಂಗುರವನ್ನು ಬೆರಳಿನಿಂದ ತೆಗೆದು ನೇರವಾಗಿ ಕಲ್ಲು ಕೂರಿಸುವವರ ಅಂಗೈಯಲ್ಲಿ ಇಟ್ಟೆ.

ಮೇಜನ್ನು ಕಿಟಕಿಯ ಹತ್ತಿರ ಎಳೆಯಲು ಅವರು ಕೇಳಿದರು. ಇಬ್ಬರು ಕಾನ್‌ಸ್ಟೇಬಲ್‌ಗಳು ಎಳೆದುಕೊಟ್ಟರು. ಜೀಪು ಓಡಿಸುವವರು ಕಿಟಕಿಯ ಆಚೆ ಬಂದು ನಿಂತರು, ಬೆಳಕಿಗೆ ಅಡ್ಡ ಬರಬೇಡ ಎಂದು ನಾನು ಅವರನ್ನು ಸರಿಸಿದೆ. ಕಲ್ಲು ಕೂರಿಸುವವರು ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಸಣ್ಣ ಉಪಕರಣ ತೆಗೆದರು. ಅದು ಚಿನ್ನಕ್ಕೆ ತಗುಲುವವರೆಗೆ ಅವರ ಕೈ ನಡುಗುತ್ತಿತ್ತು. ತಗುಲಿದ ಮೇಲೆ ನಡುಗಲಿಲ್ಲ. ಒಂದು, ಎರಡು, ಮೂರು ಹಲ್ಲು ಮೇಲೆದ್ದವು. ನಾಲ್ಕನೆಯದಕ್ಕೆ ಬಂದಾಗ ಅವರ ಹೆಂಡತಿ ಬಾಗಿಲ ಕಡೆ ಮುಖ ತಿರುಗಿಸಿಕೊಂಡರು. ನಾನು ತಿರುಗಿಸಿಕೊಳ್ಳಲಿಲ್ಲ. ಕಲ್ಲು ಬಿಳಿ ಕಾಗದದ ಮೇಲೆ ಬಂದು ಕುಳಿತಿತು. ಅವರು ಅದನ್ನು ಚಿಮಟದಲ್ಲಿ ಹಿಡಿದು ಯಾರೂ ಹೇಳದೆಯೇ ಯಜಮಾನರ ಕಡೆ ಚಾಚಿದರು.

ಯಜಮಾನರು ಅಂಚನ್ನೆಲ್ಲ ತಿರುಗಿಸಿ ಬಹಳ ಹೊತ್ತು ನೋಡಿದರು. “ಒಂದು ಚೂರೂ ಎದ್ದಿಲ್ಲ” ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿ, ಗೆರೆಯನ್ನು ಹಲ್ಲಿನಡಿ ಹಾಕಲು ಹೇಳಿದ್ದು ತಮ್ಮ ತಪ್ಪು, ಬೇರೆ ಗಿರಾಕಿಗಳ ಉಂಗುರಗಳನ್ನೂ ನಿನ್ನೆಯೇ ನೋಡಿ ಆಗಿದೆ, ಎಲ್ಲ ಸರಿಯಿವೆ, ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಸಾಹೇಬರ ಒಪ್ಪಿಗೆಯಂತೆ ಆ ಕಲ್ಲನ್ನು ಅದರ ಒಡತಿಯ ಅಂಗೈಗೆ ಹಾಕಲಾಯಿತು. ಆಕೆ ಅದನ್ನು ನೋಡಲಿಲ್ಲ, ಗಂಡನ ಕೈಯನ್ನೇ ನೋಡುತ್ತಿದ್ದರು.

ಕಲ್ಲು ಕೂರಿಸುವವರ ಮೇಲೆ ನನಗೆ ಯಾವ ದೂರೂ ಇಲ್ಲ. ಸೀಳು ಗೆರೆಯ ಗುಂಟವೇ ಆಗಿರುವುದರಿಂದ ದೊಡ್ಡ ತುಂಡಿನಲ್ಲಿ ಈಗ ಗೆರೆಯೇ ಇಲ್ಲ. ಅದಕ್ಕೆ ಮತ್ತೊಮ್ಮೆ ಕಟ್ ಕೊಡಿಸಿ ಇದೇ ಉಂಗುರಕ್ಕೆ ಹಾಕಿಸುತ್ತೇನೆ. ಮೊದಲಿಗಿಂತ ಚಿಕ್ಕದಾಗುತ್ತದೆ, ಅಕ್ಕ ಹೇಳುವುದನ್ನೆಲ್ಲ ಹೇಳಲಿ. ಕೂರಿಸಬೇಕಾದವರು ಇವರೇ, ಯಾವ ಕಡೆಯಿಂದ ಕೂರಿಸಬೇಕೆಂದು ತೀರ್ಮಾನಿಸುವವರೂ ಇವರೇ. ಬೇರೆಯವರ ಕೈಗೆ ನಾನು ಅದನ್ನು ಕೊಡುವುದಿಲ್ಲ.

ಇಷ್ಟೂ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಸೇರಿಸಿದ್ದು ಏನೂ ಇಲ್ಲ. ಬರೆದದ್ದನ್ನು ಸಾಹೇಬರು ಗಟ್ಟಿಯಾಗಿ ಓದಿ ಹೇಳಿದರು, ಎಲ್ಲರೂ ಕೇಳಿಸಿಕೊಂಡರು. ಒಂದು ತಿದ್ದುಪಡಿ ಮಾಡಿಸಿದ್ದೇನೆ. ಮೊದಲ ಪ್ರತಿಯಲ್ಲಿ ಅಲ್ಲಲ್ಲಿ “ಆರೋಪಿ” ಎಂದಿತ್ತು. ಆ ಪದವನ್ನು ಬಂದ ಕಡೆಯೆಲ್ಲ ಹೊಡೆದು ಹಾಕಿಸಿ “ಕಲ್ಲು ಕೂರಿಸುವವರು” ಎಂದು ಬರೆಸಿ, ಒಂದೊಂದರ ಪಕ್ಕದಲ್ಲೂ ನನ್ನ ರುಜು ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಕಿಟಕಿಯ ಬಳಿಯ ಮೇಜು
ದಿನ: ಮಂಗಳವಾರ, ಮಧ್ಯಾಹ್ನ

ಸಹಿ: (ಕ್ಲಚ್ ಮೇಡಂ)